ಬೆಳಗ್ಗೆ ಸಾಯುವ ಎಸ್‌ಎಂಪಿಎಸ್‌ಗಳು

ಬೆಳಗ್ಗೆ ಕಾಫಿ ಲೋಟ ಕೆಳಗಿಡುವ ಮೊದಲೇ ಫೋನ್ ಬಂದರೆ ಅದು ಯಡಿಯೂರಿನ ಲಗ್ನಪತ್ರಿಕೆ ಅಂಗಡಿಯದೇ ಎಂದು ಹೆಸರು ನೋಡದೆ ಹೇಳುವ ಸ್ಥಿತಿಗೆ ಆ ಮದುವೆ ಸೀಸನ್ನಿನಲ್ಲಿ ನಾನು ಬಂದು ಮುಟ್ಟಿದ್ದೆ. ಫೋನ್ ಮಾಡುತ್ತಿದ್ದವಳು ಅಲ್ಲಿ ಪತ್ರಿಕೆಗಳ ಡಿಸೈನ್ ಮಾಡುವ ಹುಡುಗಿ. ಮಾತೂ ಪ್ರತಿಸಲ ಅದೇ.

"ಸರ್, ಮತ್ತ ಒಂದ್ ಸಿಸ್ಟಮ್ ಆನ್ ಆಗವಲ್ದ್ರಿ."

"ವಾಸನೆ ಇದ್ಯಾ?"

"ಐತ್ರಿ. ಸುಟ್ಟ ವಾಸನಿ."

"ಏನೂ ಮುಟ್ಬೇಡ, ಬರ್ತೀನಿ."

ಮುಟ್ಟಬೇಡ ಎಂದು ನಾನು ಹೇಳುತ್ತಿದ್ದುದು ಕೆಲಸದ ಅಭ್ಯಾಸದಿಂದ. ಅದು ಅವಳ ಕಿವಿಗೆ ಹೇಗೆ ಬೀಳುತ್ತಿತ್ತು ಎಂದು ಗೊತ್ತಾಗಲು ಬಹಳ ದಿನ ಬೇಕಾಯಿತು.

ನನ್ನದು ಬನಶಂಕರಿಯಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ. ಸುತ್ತಮುತ್ತಲಿನ ಕ್ಲಿನಿಕ್ಕು, ಆಡಿಟರ್ ಆಫೀಸು, ಪ್ರಿಂಟಿಂಗ್ ಅಂಗಡಿಗಳ ಜೊತೆ ವರ್ಷದ ಒಪ್ಪಂದ ಇರುತ್ತದೆ. ಏನು ಕೆಟ್ಟರೂ ಸ್ಕೂಟರ್ ಹತ್ತಬೇಕಾದವನು ನಾನೇ. ಎಸ್‌ಎಂಪಿಎಸ್ ಎಂದರೆ ಸಿಪಿಯು ಡಬ್ಬದ ಹಿಂಬದಿಯಲ್ಲಿ ಫ್ಯಾನ್ ಹೊತ್ತುಕೊಂಡು ಕೂತಿರುವ ಪೆಟ್ಟಿಗೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಷ್ಟಕ್ಕೆ ಇಳಿಸಿ ಕೊಡುವುದು ಅದರ ಕೆಲಸ. ಒಂದು ಅಂಗಡಿಯಲ್ಲಿ ವರ್ಷಕ್ಕೊಂದು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ವಾರ ಬಿಟ್ಟು ವಾರ ಹೋಗುತ್ತಿತ್ತು, ಕೆಲವೊಮ್ಮೆ ಎರಡೆರಡು.

ಮೊದಲೆರಡು ಸಲ ನಾನು ಯೋಚನೆಯನ್ನೇ ಮಾಡಲಿಲ್ಲ. ಹಳೆಯದನ್ನು ಬಿಚ್ಚಿದೆ, ಹೊಸದನ್ನು ಹಾಕಿದೆ, ಚಹಾ ಕುಡಿದು ಬಂದೆ. ಮೂರನೆಯದು ಹೋದಾಗ ಅದನ್ನು ನನ್ನ ಅಂಗಡಿಗೆ ತಂದು ಮುಚ್ಚಳ ತೆಗೆದು ನೋಡಿದೆ. ಒಳಗಿನ ಗಾಜಿನ ಫ್ಯೂಸು ಸುಮ್ಮನೆ ತುಂಡಾಗಿರಲಿಲ್ಲ, ಗಾಜಿಗೆಲ್ಲ ಕಪ್ಪು ಬಳಿದುಕೊಂಡಿತ್ತು. ದೊಡ್ಡ ಕೆಪಾಸಿಟರಿನ ನೆತ್ತಿ ಉಬ್ಬಿತ್ತು. ಪಕ್ಕದ ನೀಲಿ ಬಿಲ್ಲೆ, ವೋಲ್ಟೇಜ್ ಏರಿದರೆ ತಾನು ಸತ್ತು ಉಳಿದವನ್ನು ಕಾಯಬೇಕಾದದ್ದು, ಎರಡು ಹೋಳಾಗಿತ್ತು. ವಯಸ್ಸಾಗಿ ಸತ್ತ ಎಸ್‌ಎಂಪಿಎಸ್ ಹೀಗಿರುವುದಿಲ್ಲ. ಇದಕ್ಕೆ ಹೊರಗಿನಿಂದ ಹೊಡೆತ ಬಿದ್ದಿತ್ತು.

ವೋಲ್ಟೇಜ್ ಅಳೆಯುವ ಮೀಟರ್ ತೆಗೆದುಕೊಂಡು ಹೋಗಿ ಅಂಗಡಿಯ ಎಲ್ಲ ಸಾಕೆಟ್ಟುಗಳನ್ನೂ ನೋಡಿದೆ. 228, 230, 227. ಪಠ್ಯಪುಸ್ತಕದಲ್ಲಿ ಕೂಡ ಇಷ್ಟು ಚೆನ್ನಾಗಿ ಬರೆದಿರುವುದಿಲ್ಲ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ನೋಡಿದೆ, ಅದೂ ಸರಿಯಿತ್ತು. ಆದರೂ ಬಿಡಬಾರದೆಂದು ಕಟ್ಟಡದ ಹಿಂದಿನ ಅರ್ಥ್ ಗುಂಡಿಗೆ ಬಕೆಟ್ಟುಗಟ್ಟಲೆ ನೀರು ಹುಯ್ದೆ. ಮುಂದಿನ ವಾರ ಇನ್ನೊಂದು ಹೋಯಿತು.

ವಾರಂಟಿಯಲ್ಲಿ ಬದಲಾಯಿಸಿ ಕೊಡುತ್ತಿದ್ದ ಎಸ್.ಪಿ. ರೋಡಿನ ಬಿಡಿಭಾಗಗಳ ವ್ಯಾಪಾರಿ ಒಂದು ದಿನ ನನ್ನ ಚೀಲ ನೋಡಿಯೇ ನಕ್ಕ. "ಗುರು, ನೀನು ಇವನ್ನ ಫಿಟ್ ಮಾಡ್ತಿದ್ದೀಯೋ, ಬಾಣಲೆಗೆ ಹಾಕಿ ಹುರೀತಿದ್ದೀಯೋ?" ಎಂದ. ಆ ತಮಾಷೆಗೆ ನಗುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಅವನ ಹತ್ತಿರವೇ ದುಬಾರಿಯ ಮಾಲು ತೆಗೆದುಕೊಂಡು ಹೋಗಿ ಹಾಕಿದೆ. ಅದು ಸ್ವಲ್ಪ ಹೆಚ್ಚು ದಿನ ಬಾಳಿತು, ಅಷ್ಟೆ. ಸ್ಟೆಬಿಲೈಸರ್ ಇಟ್ಟೆ, ಅದರೊಳಗಿನ ರಿಲೇ ಟಕ್ ಎನ್ನುವುದರೊಳಗೆ ಆಗಬೇಕಾದದ್ದು ಆಗಿಹೋಗುತ್ತಿತ್ತು. ಯುಪಿಎಸ್ ಇಟ್ಟೆ, ಒಂದು ಬೆಳಗ್ಗೆ ಅದೂ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಯಿತು. ಈ ನಡುವೆ ಅಂಗಡಿಯ ಎಲ್‌ಇಡಿ ಬಲ್ಬುಗಳೂ ಆಗಾಗ ಹೋಗುತ್ತಿದ್ದವು. ಬಲ್ಬು ನನ್ನ ಒಪ್ಪಂದದಲ್ಲಿಲ್ಲ ಎಂದು ನಾನು ಅತ್ತ ತಲೆಯೆತ್ತಿ ನೋಡಿರಲಿಲ್ಲ.

ಅಂಗಡಿ ಮೊದಲ ಮಹಡಿಯಲ್ಲಿತ್ತು. ನೆಲಮಹಡಿಯಲ್ಲಿ ಕಟ್ಟಡದ ಯಜಮಾನರ ಮನೆ, ಮೇಲಿನ ಎರಡು ಮಹಡಿಗಳಲ್ಲಿ ಕೆಲಸಕ್ಕೆ ಹೋಗುವ ಹುಡುಗರ ಪಿಜಿ. ಅಂಗಡಿ ನಡೆಸುತ್ತಿದ್ದವರು ಐವತ್ತು ದಾಟಿದ ಮೇಡಂ. ಒಳ್ಳೆಯ ಹೆಂಗಸು. ನಾನು ಎಷ್ಟು ಹೊತ್ತಿಗೆ ಹೋದರೂ "ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದವರು. ಮಾಘದಿಂದ ವೈಶಾಖದವರೆಗೆ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮದುವೆ ಹೆಣ್ಣುಗಳ ಅಪ್ಪಂದಿರು ಪ್ರೂಫ್ ನೋಡಲು ಬಂದು ಕೂತಿರುವಾಗ ಅವರ ಪತ್ರಿಕೆ ಇರುವ ಕಂಪ್ಯೂಟರೇ ಸತ್ತು ಮಲಗಿರುತ್ತಿತ್ತು. ನಾನು ಅದರ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಿ, ಗಣಪತಿಯ ಚಿತ್ರ ಪರದೆಯ ಮೇಲೆ ಬರುವವರೆಗೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮೇಡಂ ನನ್ನನ್ನು ಪಕ್ಕದ ಪೇಪರ್ ಇಡುವ ಕೋಣೆಗೆ ಕರೆದರು.

"ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು. ಬೇಜಾರ್ ಮಾಡ್ಕೋಬಾರ್ದು."

"ಪಾರ್ಟ್ ಎಲ್ಲ ಒರಿಜಿನಲ್ಲೇ ಮೇಡಂ."

"ಅದಲ್ಲ. ಈ ಹುಡುಗಿ ಸೇರಿದ್ಮೇಲೇ ಅಲ್ವಾ ಇದೆಲ್ಲ ಶುರುವಾಗಿದ್ದು? ಕೆಲಸದಲ್ಲಿ ಏನೂ ಹೇಳೋ ಹಾಗಿಲ್ಲ, ಚಿನ್ನದಂಥ ಹುಡುಗಿ. ಆದ್ರೆ ಕೈಗುಣ ಅಂತ ಒಂದಿರುತ್ತೆ ನೋಡಿ. ಬೆಳಗ್ಗೆ ಅವಳು ಬಟನ್ ಒತ್ತಿದಾಗಲೇ ಹೋಗೋದು. ಮಧ್ಯಾಹ್ನ ಒಂದಾದ್ರೂ ಹೋಗಿದ್ಯಾ, ನೀವೇ ಹೇಳಿ?"

"ಹಾಗೆಲ್ಲ ಏನೂ ಇರಲ್ಲ ಮೇಡಂ."

"ಹಾಗಾದ್ರೆ ನಿಮ್ಮ ಪಾರ್ಟೇ ಸರಿಯಿಲ್ಲ ಅಂತಾಯ್ತಲ್ಲ."

ಅವರು ದನಿ ತಗ್ಗಿಸಿ ಮುಂದುವರಿಸಿದರು. "ಬೇರೆ ಅಂಗಡಿ ಆಗಿದ್ರೆ ನಾನೂ ಇದನ್ನೆಲ್ಲ ನೋಡ್ತಿರ್ಲಿಲ್ಲ. ನಮ್ಮದು ಶುಭಕಾರ್ಯದ ವ್ಯಾಪಾರ. ಮೊದಲನೇ ಪತ್ರಿಕೆಗೆ ಅರಿಶಿನ ಹಚ್ಚಿ ಕೊಡೋರು ನಾವು. ಈ ತಿಂಗಳು ಕಳೀಲಿ, ಅವಳಿಗೆ ಬೇರೆ ಕಡೆ ನೋಡ್ಕೋ ಅಂತ ಹೇಳ್ಬಿಡ್ತೀನಿ. ಪಾಪ, ಹೇಗೆ ಹೇಳೋದು ಅಂತಲೇ ನಂಗೆ ನಿದ್ದೆ ಬರ್ತಿಲ್ಲ."

ಆ ಕೋಣೆಗೂ ಅಂಗಡಿಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ತಡಿಕೆ. ಹೊರಗೆ ಬಂದಾಗ ಹುಡುಗಿ ಪರದೆಯನ್ನೇ ನೋಡುತ್ತಿದ್ದಳು, ಆದರೆ ಅವಳ ಮೌಸ್ ಅಲುಗಾಡುತ್ತಿರಲಿಲ್ಲ. ಅವಳು ಗದಗದ ಕಡೆಯವಳು. ಬಿಟಿಎಂ ಲೇಔಟಿನಲ್ಲಿ ಅದೇ ಕಡೆಯ ಇನ್ನಿಬ್ಬರ ಜೊತೆ ಒಂದು ರೂಮು ಹಿಡಿದಿದ್ದಳು. ಬೆಂಗಳೂರಿನಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ ಇದು. ಅಕ್ಷರಗಳನ್ನು ಅವಳು ಕೂರಿಸುವ ರೀತಿ ನೋಡಿದರೆ ನನ್ನಂಥ ಸ್ಕ್ರೂಡ್ರೈವರ್ ಮನುಷ್ಯನಿಗೂ ಇದು ಚೆಂದ ಎಂದು ತಿಳಿಯುತ್ತಿತ್ತು.

ಮುಂದಿನ ಸಲ ಹೋದಾಗ ಅವಳು ಕಂಪ್ಯೂಟರ್ ಆನ್ ಮಾಡುವುದನ್ನು ನೋಡಿದೆ. ಪೆನ್ನನ್ನು ತಿರುಗಿಸಿ ಹಿಡಿದು, ಅದರ ಹಿಂತುದಿಯಿಂದ ಬಟನ್ ಒತ್ತಿದಳು. ಯಾಕಮ್ಮ ಎಂದು ಕೇಳಿದೆ.

"ಸುಮ್ನ ರೀ ಸರ್," ಎಂದಳು. ಆಮೇಲೆ ಮೇಡಂ ಒಳಗಿದ್ದಾರೆಯೇ ಎಂದು ತಿರುಗಿ ನೋಡಿ, "ಕೈ ತಾಗದಿದ್ರ ಛಲೋ ಅಲ್ಲೇನ್ರಿ," ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲು ಆಗುತ್ತಿರಲಿಲ್ಲ. ಮೇಡಂ ಮೇಲೆ, ಆ ಪೆನ್ನಿನ ಮೇಲೆ, ಸಾಯುವುದಕ್ಕೆ ಕಾರಣ ಹೇಳದ ಈ ದರಿದ್ರ ಪೆಟ್ಟಿಗೆಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಸ್ಕೂಟರಿನಲ್ಲಿ ವಾಪಸ್ಸು ಬರುವಾಗ ಮೇಡಂ ಹೇಳಿದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮಧ್ಯಾಹ್ನ ಒಂದಾದರೂ ಹೋಗಿದೆಯಾ? ಇಲ್ಲ. ಒಂದೂ ಹೋಗಿರಲಿಲ್ಲ. ಕೈಗುಣದ ಲೆಕ್ಕದಲ್ಲಾದರೂ ಅವರು ಗಮನಿಸಿದ್ದನ್ನು ನಾನು ಗಮನಿಸಿರಲಿಲ್ಲ. ನಾನು ಮೀಟರ್ ಹಿಡಿದು ನಿಂತಿದ್ದೆಲ್ಲ ಹನ್ನೊಂದರ ಮೇಲೆ, ಎಲ್ಲ ಮುಗಿದ ಮೇಲೆ.

ಮಾರನೆಯ ದಿನ ಮೇಡಂಗೆ ಹೇಳಿದೆ. "ಇನ್ಮೇಲೆ ನಾನು ಎಸ್‌ಎಂಪಿಎಸ್ ಹಾಕಲ್ಲ. ಉಳಿದಿರೋ ಎರಡು ಸಿಸ್ಟಮ್‌ನಲ್ಲಿ ಹೇಗಾದ್ರೂ ಓಡಿಸಿ. ನಾನು ಬೆಳಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಬಂದು ಕೂತ್ಕೋತೀನಿ. ತಿಂಗಳು ಮುಗಿಯೋವರೆಗೂ ಅವಳಿಗೆ ಏನೂ ಹೇಳ್ಬೇಡಿ."

"ಸೀಸನ್ ಟೈಮಲ್ಲಿ ಹೀಗಂದ್ರೆ ಹೇಗ್ರೀ?" ಎಂದರು. ಆದರೆ ಬೇಡ ಎನ್ನಲಿಲ್ಲ.

ಹಾಗೆ ಬೆಳಗಿನ ಪಹರೆ ಶುರುವಾಯಿತು. ಹುಡುಗಿ ಬೀಗ ತೆಗೆಯುವ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ತೂಕಡಿಸುತ್ತಾ ಕೂತಿರುತ್ತಿದ್ದೆ. ಒಳಗೆ ಹೋಗಿ ಒಂದು ಸಾಕೆಟ್ಟಿಗೆ ಮೀಟರ್ ಸಿಕ್ಕಿಸಿ, ಅತಿ ಹೆಚ್ಚು ಬಂದ ವೋಲ್ಟೇಜನ್ನು ಹಿಡಿದಿಡುವ ಗುಂಡಿ ಒತ್ತಿ, ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವಳು ಕಸ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದಳು. ಆ ಹೊತ್ತಿಗೆ ಒಮ್ಮೆ ಕರೆಂಟು ಹೋಗಿ ಬರುತ್ತಿತ್ತು. ಇದು ಬೆಂಗಳೂರು, ಕರೆಂಟು ಹೋಗಿ ಬಂದರೆ ಯಾರು ಗಮನಿಸುತ್ತಾರೆ? ಹುಡುಗಿಯಂತೂ ಪೊರಕೆಯನ್ನೂ ನಿಲ್ಲಿಸುತ್ತಿರಲಿಲ್ಲ. ಮೀಟರ್ ನೋಡಿದರೆ 231. ಮರುದಿನವೂ ಹಾಗೆಯೇ. ಅದರ ಮರುದಿನವೂ. ಬೇರೆ ಗಿರಾಕಿಗಳ ಫೋನುಗಳು ಜೇಬಿನಲ್ಲಿ ನಡುಗುತ್ತಿದ್ದವು. ಮನೆಯಲ್ಲಿ ನನ್ನವಳು, "ನಿಮಗೇನು ಅಲ್ಲಿ ವಾಚ್‌ಮನ್ ಕೆಲಸ ಸಿಕ್ತಾ?" ಎಂದು ಕೇಳಿದಳು.

ವಾರ ಕಳೆಯುತ್ತಾ ಬಂದು ನಾನು ಕೈಬಿಡುವ ಹಂತದಲ್ಲಿದ್ದಾಗ ಅದು ಆಯಿತು. ಲೈಟು ಹೋಯಿತು, ಫ್ಯಾನ್ ನಿಧಾನವಾಯಿತು. ಮರುಕ್ಷಣ ಬಂದ ಬೆಳಕು ದಿನದ ಬೆಳಕಾಗಿರಲಿಲ್ಲ. ಬಲ್ಬುಗಳು ಫೋಟೊ ತೆಗೆದ ಹಾಗೆ ಬೆಳ್ಳಗೆ ಉರಿದು ತಣ್ಣಗಾದವು. ಫ್ಯಾನ್ ಒಮ್ಮೆ ಗುಂಯ್ ಎಂದಿತು. ಮೀಟರಿನಲ್ಲಿ 392 ಎಂದು ನಿಂತಿತ್ತು.

ನಾನು ಟೇಬಲ್ಲಿನ ಕಡೆ ನೋಡಿದೆ. ಕಂಪ್ಯೂಟರ್ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್ ಒಂದು ಕಣ್ಣು ತೆರೆದೇ ಇರುತ್ತದೆ, ಅದರಿಂದ ಮೌಸಿನ ಅಡಿಯ ಕೆಂಪು ದೀಪ ಸಣ್ಣಗೆ ಉರಿಯುತ್ತಿರುತ್ತದೆ. ಎರಡು ಮೌಸುಗಳಲ್ಲಿ ಒಂದರ ದೀಪ ಆರಿತ್ತು. ಅದೇ ವಾಸನೆ ಮೆಲ್ಲಗೆ ಏಳುತ್ತಿತ್ತು. ಹುಡುಗಿ ಪೊರಕೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು.

"ಸರ್, ನಾ ಮುಟ್ಟೇ ಇಲ್ರಿ."

"ಗೊತ್ತಮ್ಮ. ನೀನು ಇನ್ನೂ ಮುಟ್ಟೇ ಇಲ್ಲ, ಅದು ಆಗಲೇ ಸತ್ತೋಗಿದೆ. ಪ್ರತಿಸಲ ಹೀಗೇ ಆಗಿರೋದು. ನೀನು ಒತ್ತೋಕೆ ಮುಂಚೆನೇ ಅದು ಹೋಗಿರುತ್ತೆ."

ಅವಳಿಗೆ ಅರ್ಥವಾಯಿತೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ. ಮೆಟ್ಟಿಲಿಳಿದು ಓಡಿದೆ. ಕೆಳಗೆ ಮೆಟ್ಟಿಲಡಿಯ ಮೀಟರ್ ಬೋರ್ಡಿನ ಮುಂದೆ ಕಟ್ಟಡದ ಯಜಮಾನರು ನಿಂತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಆಗಷ್ಟೇ ಸ್ನಾನ ಮುಗಿಸಿ ಬಂದು ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡಿದ್ದರು. ಮುಂದೆ ಗೋಡೆಯಲ್ಲಿ ಕಬ್ಬಿಣದ ಪೆಟ್ಟಿಗೆಯ ಒಂದು ಹಳೆಯ ಮೇನ್ ಸ್ವಿಚ್ಚು. ಪಕ್ಕದಲ್ಲಿ ಉದ್ದನೆಯ ಹಿಡಿ, ಮೈಮೇಲೆ ಅರಿಶಿನ ಕುಂಕುಮ, ಸಂದಿಗೆ ಸಿಕ್ಕಿಸಿದ ಎರಡು ಊದುಬತ್ತಿ.

"ಯಜಮಾನ್ರೆ, ಈಗ ಇದನ್ನ ನೀವು ಆಫ್ ಮಾಡಿ ಆನ್ ಮಾಡಿದ್ರಾ?"

"ಹೂಂ. ದಿನಾ ಮಾಡ್ತೀನಿ. ಯಾಕ್ ಸ್ವಾಮಿ?"

ಅದು ಅವರ ತಂದೆಯ ಕಾಲದ ಸ್ವಿಚ್ಚು. ಕೆರೆಯ ಪಕ್ಕ ಅವರ ತರಕಾರಿ ತೋಟವಿದ್ದಾಗ ಪಂಪ್‌ಸೆಟ್ಟಿಗೆ ಹಾಕಿದ್ದಂತೆ. ತಂದೆ ದಿನಾ ಬೆಳಗ್ಗೆ ಸ್ನಾನ ಮಾಡಿ, ಸ್ವಿಚ್ಚಿಗೆ ಕೈಮುಗಿದು, ಹಿಡಿ ಎತ್ತಿ ನೀರು ಬಿಡುತ್ತಿದ್ದರು. ಜಮೀನು ಸೈಟುಗಳಾದ ಮೇಲೆ ಇವರು ಪಂಪ್ ಮಾರಿದರು, ಸ್ವಿಚ್ಚನ್ನು ಮಾರಲಿಲ್ಲ. ಮೇಲೆ ಪಿಜಿ ಮಾಡಿದಾಗ ಮೂರು ಫೇಸ್ ಕರೆಂಟು ತೆಗೆದುಕೊಳ್ಳಬೇಕಾಯಿತು. ಮನೆಯಲ್ಲೇ ಮೂರು ಫೇಸಿನ ಸ್ವಿಚ್ಚಿದೆಯಲ್ಲ ಎಂದು ಇದನ್ನೇ ಹಾಕಿಸಿದರು. ಆವತ್ತಿನಿಂದ ದಿನಾ ಬೆಳಗ್ಗೆ ಹಿಡಿ ಒಮ್ಮೆ ಇಳಿಸಿ, ಒರೆಸಿ, ಕುಂಕುಮವಿಟ್ಟು, ಕೈಮುಗಿದು ಎತ್ತುತ್ತಾರೆ.

"ಪಿಜಿ ಯಾವಾಗ ಶುರುವಾಗಿದ್ದು?" ಎಂದು ಕೇಳಿದೆ.

"ದೀಪಾವಳಿ ಆದ್ಮೇಲೆ."

ಹುಡುಗಿ ಕೆಲಸಕ್ಕೆ ಸೇರಿದ್ದೂ ದೀಪಾವಳಿ ಆದ ಮೇಲೆ. ಮೇಡಂ ಒಂದನ್ನು ಮಾತ್ರ ಎಣಿಸಿದ್ದರು.

ಪಂಪಿನ ಮೋಟಾರಿಗೆ ಮೂರು ಫೇಸ್ ತಂತಿ ಸಾಕು, ಕರೆಂಟು ವಾಪಸ್ಸು ಹೋಗುವ ನ್ಯೂಟ್ರಲ್ ತಂತಿ ಬೇಕಿಲ್ಲ. ಹಾಗಾಗಿ ಆ ಪೆಟ್ಟಿಗೆಯೊಳಗೆ ನ್ಯೂಟ್ರಲ್ಲಿಗೆ ಜಾಗವೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಏನು ಮಾಡಿರಬಹುದೆಂದು ಹೊರಗೆ ನಿಂತೇ ಊಹಿಸಬಹುದಿತ್ತು: ಎರಡು ತುದಿ ಹೊಸೆದು, ಟೇಪ್ ಸುತ್ತಿ, ಒಂದು ಮೂಲೆಗೆ ತುರುಕಿರುತ್ತಾನೆ. ಹಿಡಿ ಧಡ್ ಎಂದು ಮೇಲೆ ಬಿದ್ದಾಗ ಆ ಗಂಟು ಅಲುಗುತ್ತದೆ. ಒಂದು ಕ್ಷಣ ಅದು ಬಿಟ್ಟುಕೊಂಡರೆ ಕರೆಂಟು ವಾಪಸ್ಸು ಹೋಗುವ ದಾರಿ ತಪ್ಪುತ್ತದೆ. ಮೇಲೆ ಪಿಜಿ ಹುಡುಗರ ಗೀಸರುಗಳೆಲ್ಲ ಉರಿಯುತ್ತಿರುವ ಹೊತ್ತು ಅದು. ಆ ಗೀಸರುಗಳಿರುವ ಫೇಸಿನ ಕರೆಂಟು ಮೇಡಂ ಅಂಗಡಿಯ ಬಡಪಾಯಿ ತಂತಿಯ ಮೂಲಕ ನುಗ್ಗುತ್ತದೆ. ಗಂಟು ಹಿಡಿದುಕೊಂಡ ದಿನ ಏನೂ ಆಗುವುದಿಲ್ಲ. ಬಿಟ್ಟ ದಿನ 392.

ಇದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿ, ಪೆಟ್ಟಿಗೆ ತೆಗೆಸಬೇಕು ಎಂದೆ. ಯಜಮಾನರು ಮುಖ ಗಂಟಿಕ್ಕಿದರು.

"ಅದನ್ನ ಮಾತ್ರ ಮುಟ್ಬೇಡಿ. ನಮ್ಮಪ್ಪ ಎತ್ತಿದ್ದು ಅದು. ಈ ಬಿಲ್ಡಿಂಗಿಗೆ ಬಂದ ಬಾಡಿಗೆದಾರರು ಒಬ್ರೂ ಕೆಟ್ಟು ಹೋಗಿಲ್ಲ, ಎಲ್ಲ ಉದ್ಧಾರ ಆಗಿದ್ದಾರೆ. ನಿಮ್ಮ ಕಂಪ್ಯೂಟರ್ ಸರಿಯಿಲ್ದೇ ಇದ್ರೆ ಕಂಪ್ಯೂಟರ್ ನೋಡ್ಕೊಳಿ."

ನಾನು ಜಗಳಕ್ಕೆ ಸಿದ್ಧನಾಗಿದ್ದೆ. ನಿಯಮ, ಬೆಂಕಿ, ಲೈನ್‌ಮನ್, ಕಂಪ್ಲೇಂಟು, ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಆದರೆ ಆ ಒದ್ದೆ ಟವೆಲ್ಲಿನ ಮನುಷ್ಯನನ್ನು ಬೆದರಿಸುವುದಕ್ಕೆ ಮನಸ್ಸಾಗಲಿಲ್ಲ. ಬೇರೆ ಮಾತು ಹೇಳಿದೆ.

"ಯಜಮಾನ್ರೆ, ಮೇಲೆ ಒಂದು ಹುಡುಗಿ ಇದೆಯಲ್ಲ, ಗದಗದ ಕಡೆಯದು. ಅವಳ ಕೈಗುಣ ಸರಿಯಿಲ್ಲ ಅಂತ ಈ ತಿಂಗಳು ಕೆಲಸ ಬಿಡಿಸ್ತಿದ್ದಾರೆ. ಅವಳು ಬೆರಳಲ್ಲಿ ಬಟನ್ ಒತ್ತೋದನ್ನೂ ಬಿಟ್ಟಿದ್ದಾಳೆ, ಪೆನ್ನಲ್ಲಿ ಒತ್ತುತ್ತಾಳೆ."

ಅವರು ಸ್ವಿಚ್ಚಿನ ಕಡೆ ತಿರುಗಿದರು. "ದಿನಾ ನಂಗೆ ನಮಸ್ಕಾರ ಹೇಳಿ ಹೋಗುತ್ತೆ ಆ ಮಗು," ಎಂದರು. ಆಮೇಲೆ, "ಎತ್ತೋದು ನಾನು, ಬೈಸ್ಕೊಳೋದು ಅವಳಾ?" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಕರ್ಸಿ ಯಾರನ್ನ ಕರೆಸ್ತೀರೋ. ನನ್ನ ಕಣ್ಣೆದುರೇ ಬಿಚ್ಲಿ."

ನನಗೆ ಪರಿಚಯದ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅದೇ ಮಧ್ಯಾಹ್ನ ಬಂದರು. ಲೈನ್‌ಮನ್ ಬಂದು ಕಂಬದಲ್ಲಿ ಸಪ್ಲೈ ತೆಗೆದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆಯಿತು. ಊಹಿಸಿದ ಮೂಲೆಯಲ್ಲೇ ಗಂಟು ಇತ್ತು. ಟೇಪು ಕರಗಿ ಕರ್ರಗೆ ಅಂಟಾಗಿತ್ತು, ತಾಮ್ರ ಹಸಿರುಗಟ್ಟಿ ಸುಟ್ಟಿತ್ತು. ಎಲೆಕ್ಟ್ರಿಷಿಯನ್ ಬೆರಳಿನಿಂದ ಮುಟ್ಟಿದಾಗ ಅದು ತಾನಾಗಿಯೇ ಬಿಚ್ಚಿಕೊಂಡಿತು. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ನ್ಯೂಟ್ರಲ್ಲಿಗೆ ಸರಿಯಾದ ಜಾಗವಿರುವ ಹೊಸ ಮೇನ್ ಸ್ವಿಚ್ಚು ಪಕ್ಕದಲ್ಲಿ ಕೂತಿತು. ವೋಲ್ಟೇಜ್ ಏರಿದರೆ ಕಡಿದುಹಾಕುವ ಒಂದು ಸಾಧನವನ್ನು ಅಂಗಡಿಯ ಲೈನಿಗೆ ನಾನೇ ಕೂರಿಸಿದೆ. ಹಳೆಯದನ್ನು ಬಿಸಾಡಲು ಯಾರೂ ಹೇಳಲಿಲ್ಲ. ಅದು ಅದೇ ಗೋಡೆಯಲ್ಲಿ ಉಳಿಯಿತು, ಒಳಗೆ ಒಂದು ತಂತಿಯೂ ಇಲ್ಲದೆ. ಯಜಮಾನರು ಈಗಲೂ ದಿನಾ ಅದನ್ನು ಒರೆಸಿ, ಕುಂಕುಮವಿಟ್ಟು, ಹಿಡಿ ಎತ್ತುತ್ತಾರೆ. ಕರೆಂಟು ಮಾತ್ರ ಈಗ ಹೋಗಿ ಬರುವುದಿಲ್ಲ.

ಆವತ್ತು ಸಂಜೆ ಅವರು ಮೆಟ್ಟಿಲು ಹತ್ತಿ ಅಂಗಡಿಗೆ ಬಂದು ಎಲ್ಲರೆದುರೇ ಹೇಳಿದರು. "ಮೇಡಮ್ಮೋರೆ, ಆ ಮಗೂದು ಏನೂ ಇಲ್ಲ. ಎಲ್ಲ ಸುಟ್ಟಿದ್ದು ನನ್ನ ಕೈಯಲ್ಲಿ." ಮೇಡಂ ಕುರ್ಚಿಯಿಂದ ಎದ್ದು ನಿಂತು ನನ್ನನ್ನೂ ಅವರನ್ನೂ ಮತ್ತೆ ಮತ್ತೆ ನೋಡಿದರು. ಹುಡುಗಿಯನ್ನು ಮಾತ್ರ ನೋಡಲಿಲ್ಲ. ತಿಂಗಳು ಮುಗಿದಾಗ ಅವಳಿಗೆ ಯಾರೂ ಏನೂ ಹೇಳಲಿಲ್ಲ. ಅವಳು ಅಲ್ಲೇ ಉಳಿದಳು.

ಮಳೆಗಾಲ ಶುರುವಾದ ಮೇಲೆ ಒಪ್ಪಂದದ ಮಾಮೂಲಿ ತಪಾಸಣೆಗೆ ಹೋದೆ. ಒಂದು ಎಸ್‌ಎಂಪಿಎಸ್ಸೂ ಹೋಗಿರಲಿಲ್ಲ. ಧೂಳು ಊದಿ, ಫ್ಯಾನುಗಳಿಗೆ ಎಣ್ಣೆ ಬಿಟ್ಟು, ಕಂಪ್ಯೂಟರುಗಳನ್ನು ಮತ್ತೆ ಆನ್ ಮಾಡಲು ಹೇಳಿದೆ. ಹುಡುಗಿ ಮೊದಲನೆಯದರ ಮುಂದೆ ಹೋಗಿ ನಿಂತಳು, ಪೆನ್ನನ್ನು ತಿರುಗಿಸಿ ಹಿಡಿದಳು, ಹಿಂತುದಿಯಿಂದ ಬಟನ್ ಒತ್ತಿದಳು.

"ಇನ್ನೂ ಯಾಕಮ್ಮ?"

"ರೂಢಿ ಆಗೇತ್ರಿ ಸರ್," ಎಂದು ನಕ್ಕಳು.

"ಆ ಪೆನ್ ಸ್ವಲ್ಪ ಕೊಡು, ಬಿಲ್ ಬರೀಬೇಕು," ಎಂದೆ.

ಕೊಟ್ಟಳು. ನಾನು ಕೌಂಟರಿನ ಮೇಲೆ ಬಗ್ಗಿ ಬರೆಯತೊಡಗಿದೆ. ಎರಡು ಸಾಲಿನ ಬಿಲ್ಲು ಅದು. ನಾನು ದುಂಡಗೆ, ಕಾಪಿ ಬರೆಯುವ ಮಕ್ಕಳ ಹಾಗೆ ಬರೆದೆ. ಅವಳು ಎರಡನೆಯ ಕಂಪ್ಯೂಟರಿನ ಮುಂದೆ ನಿಂತು ಕಾದಳು. ಮಗಳ ಪತ್ರಿಕೆ ಮಾಡಿಸಲು ಬಂದ ಒಬ್ಬರು ಹೊರಗೆ ಕೊಡೆ ಮಡಿಚಿ ಒಳಗೆ ಬಂದು ಕೂತರು. ಮೇಡಂ ಒಳಗಿನಿಂದ, "ಸಿಸ್ಟಮ್ ಆನ್ ಆಯ್ತೇನೇ?" ಎಂದು ಕೇಳಿದರು. ನಾನು ಬರೆಯುತ್ತಲೇ ಇದ್ದೆ.

ಓರೆಗಣ್ಣಿನಲ್ಲಿ ನೋಡಿದೆ. ಅವಳು ಬಲಗೈಯ ತೋರುಬೆರಳನ್ನು ದುಪಟ್ಟಾದಲ್ಲಿ ಒರೆಸಿಕೊಂಡಳು. ಬಟನ್ ಮೇಲಿಟ್ಟಳು, ಒತ್ತಿದಳು. ಫ್ಯಾನ್ ತಿರುಗಿತು, ಕಂಪ್ಯೂಟರ್ ಒಮ್ಮೆ ಬೀಪ್ ಎಂದಿತು, ಪರದೆಯಲ್ಲಿ ಬೆಳಕು ಬಂತು. ಅವಳ ಬೆರಳು ಇನ್ನೂ ಬಟನ್ನಿಗೆ ಮೆಲ್ಲಗೆ ತಾಗಿಕೊಂಡೇ ಇತ್ತು.

"ಆತ್ರಿ ಮೇಡಂ," ಎಂದಳು.